ಅಕ್ಕಡಿ ಸಾಲಿನ ತೊಗರಿ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆಗೆ ಹೊರಟ ರೈಲಿಗೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಒಂದಾದ ಮೇಲೊಂದು ಎದುರಾಗುತ್ತವೆ. ಆಮೇಲೆ ಗಡಿ ದಾಟಿ ತಾಂಡೂರು. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಈ ಹಳಿಯ ಎರಡೂ ಬದಿಗೆ ಕಣ್ಣಿಗೆ ಬೀಳುವ ವಸ್ತುಗಳು ಮೂರೇ: ಸಿಮೆಂಟ್ ಕಾರ್ಖಾನೆಯ ಕೊಳವೆ, ಒಟ್ಟಿಟ್ಟ ಫರ್ಸಿ ಕಲ್ಲು, ತೊಗರಿ ಹೊಲ. ದೀಪಾವಳಿ ಕಳೆದ ಹೊತ್ತಿಗೆ ಆ ಹೊಲಗಳೆಲ್ಲ ಹಳದಿಗೆ ತಿರುಗಿರುತ್ತವೆ. ಹತ್ತಿರ ಹೋಗಿ ನೋಡಿದರೆ ಹೂವಿನ ಹಳದಿ ಎಸಳಿನ ಬೆನ್ನಿಗೆ ಸಣ್ಣ ಕೆಂಪು ಗೆರೆಗಳು.

ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬಿತ್ತುವ ನೆಲ ಈಗ ಸುಮಾರು 6 ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದೆ. ಮುಂಗಾರಿನಲ್ಲಿ ಬಿತ್ತನೆಯಾಗುವ ಭೂಮಿಯ ಬಹುಪಾಲು ಇದೊಂದೇ ಬೆಳೆಗೆ ಮೀಸಲು. "ತೊಗರಿ ಕಣಜ" ಎಂಬ ಬಿರುದು ಜಿಲ್ಲೆಗೆ ಬಂದದ್ದು ಹೀಗೆ. ಆ ಬಿರುದಿನ ಬಗ್ಗೆ ಹೆಮ್ಮೆ ಪಡುವವರು ಒಂದು ಮಾತನ್ನು ಮರೆಯಬಾರದು. ತೊಗರಿ ತನ್ನ ಸ್ವಭಾವದಲ್ಲಿ ಒಂಟಿ ಬೆಳೆಯಲ್ಲ, ಜೊತೆ ಬೆಳೆ. ಹೊಲದಲ್ಲೂ ಅದಕ್ಕೆ ಜೊತೆ ಬೇಕು, ಗಂಗಾಳದಲ್ಲೂ ಬೇಕು. ಇವತ್ತು ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ರೈತ ಅನುಭವಿಸುತ್ತಿರುವ ಕಷ್ಟಗಳಲ್ಲಿ ದೊಡ್ಡ ಪಾಲು ಆ ಜೊತೆ ತಪ್ಪಿಸಿದ್ದರಿಂದ ಬಂದದ್ದು.

ಗಿಡದಿಂದಲೇ ಶುರು ಮಾಡೋಣ. ತೊಗರಿ ಪರದೇಶದಿಂದ ಬಂದದ್ದಲ್ಲ. ಮೆಣಸಿನಕಾಯಿ, ಶೇಂಗಾ, ಟೊಮೆಟೊ ಎಲ್ಲ ಹಡಗಿನಲ್ಲಿ ಬಂದವು. ತೊಗರಿ ಹುಟ್ಟಿದ್ದೇ ಈ ನೆಲದಲ್ಲಿ. ಅದರ ಕಾಡು ಸಂಬಂಧಿ ಇವತ್ತಿಗೂ ಒಡಿಶಾ ಮತ್ತು ಬಸ್ತರ್ ಕಾಡಂಚಿನಲ್ಲಿ ಬೆಳೆಯುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ತೊಗರಿಕಾಳು ಸಿಕ್ಕಿವೆ. ಅವಕ್ಕೆ ಮೂರು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಕನ್ನಡ ನಾಡಿನಲ್ಲಿ ಅಕ್ಷರ ಮೂಡುವ ಎಷ್ಟೋ ಮೊದಲೇ ಯಾರೋ ಇಲ್ಲಿ ತೊಗರಿ ಬೇಯಿಸಿ ಉಂಡಿದ್ದಾರೆ.

ಇದು ನಿಜಕ್ಕೂ ಒಂದು ವರ್ಷದ ಪೈರಲ್ಲ. ಕಡಿಯದೆ ಬಿಟ್ಟರೆ ಮೂರ್ನಾಲ್ಕು ವರ್ಷ ನಿಲ್ಲುವ ಪೊದೆಗಿಡ. ಮನುಷ್ಯ ಅದನ್ನು ವರ್ಷಕ್ಕೊಮ್ಮೆ ಬಿತ್ತಿ ಕೊಯ್ಯುವ ಬೆಳೆಯಾಗಿ ಪಳಗಿಸಿದ. ಆ ಪೊದೆಯ ಬುದ್ಧಿ ಇನ್ನೂ ಹೋಗಿಲ್ಲ. ಮೃಗಶಿರಾ, ಆರಿದ್ರಾ ಮಳೆಗೆ ಬಿತ್ತಿದ ತೊಗರಿ ಮೊದಲ ಎರಡು ತಿಂಗಳು ನೆಲದ ಮೇಲೆ ಬೆಳೆದೂ ಬೆಳೆಯದಂತೆ ಇರುತ್ತದೆ. ಆಗ ಅದರ ಕೆಲಸವೆಲ್ಲ ನೆಲದೊಳಗೆ. ಆಳದ ಎರೆ ಮಣ್ಣಿನಲ್ಲಿ ತಾಯಿಬೇರು ಆರಡಿಯವರೆಗೂ ಇಳಿಯಬಲ್ಲದು. ಸಾಲಿನ ನಡುವೆ ಬೆಳಕು, ನೀರು, ಜಾಗ ಸುಮ್ಮನೆ ಬಿದ್ದಿರುತ್ತವೆ. ಹಳಬರು ಆ ಜಾಗಕ್ಕೆ ಮುಂಗಾರಿ ಜೋಳವನ್ನೋ ಸಜ್ಜೆಯನ್ನೋ ಹಾಕುತ್ತಿದ್ದರು. ಇಲ್ಲವೇ ಹೆಸರು, ಉದ್ದು. ಕೂರಿಗೆ ಹೂಡಿದಾಗ ಎರಡು ಸಾಲು ಜೋಳ, ಒಂದು ಸಾಲು ತೊಗರಿ. ಅದೇ ಅಕ್ಕಡಿ ಸಾಲು.

ಹೆಸರು ಎರಡು-ಎರಡೂವರೆ ತಿಂಗಳಿಗೆ ಮನೆ ಸೇರುತ್ತದೆ. ಜೋಳ, ಸಜ್ಜೆ ಮೂರು-ಮೂರೂವರೆ ತಿಂಗಳಿಗೆ. ಅವು ಹೋದ ಮೇಲೆ ತೊಗರಿಗೆ ಹೊಲ ಪೂರಾ ಬಿಟ್ಟುಕೊಟ್ಟಂತಾಗಿ ಅದು ಕೊಂಬೆ ಚಾಚುತ್ತದೆ. ಹಗಲು ಕಿರಿದಾಗುವುದೇ ಅದಕ್ಕೆ ಹೂ ಬಿಡಲು ಸನ್ನೆ. ಮಳೆಗಾಲ ಮುಗಿದು ಮೇಲ್ಮಣ್ಣು ಬಿರಿದ ಹೊತ್ತಿನಲ್ಲಿ ಆಳದ ತೇವ ಹೀರಿ ಕಾಯಿ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಎಲೆ ಉದುರಿಸಿ ನೆಲಕ್ಕೆ ಗೊಬ್ಬರ ಹಾಸಿರುತ್ತದೆ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಒಂದಿಷ್ಟು ಮುಂದಿನ ಬೆಳೆಗೂ ಉಳಿಯುತ್ತದೆ. ಒಂದೇ ಮಳೆಯಲ್ಲಿ ಎರಡು ರಾಶಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಎಂಬ ಲೆಕ್ಕವೂ ಇದರಲ್ಲಿತ್ತು.

ಬೇರಿನ ಇನ್ನೊಂದು ಕರಾಮತ್ತು ಗೊತ್ತಾದದ್ದು ತೀರಾ ಈಚೆಗೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಇಕ್ರಿಸ್ಯಾಟ್‌ನಲ್ಲಿ ನಡೆದ ಅಧ್ಯಯನವೊಂದು 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಂಪು ಮಣ್ಣಿನಲ್ಲಿ ರಂಜಕವು ಕಬ್ಬಿಣದ ಜೊತೆ ಕಚ್ಚಿಕೊಂಡಿರುತ್ತದೆ; ಬೇರೆ ಬೆಳೆಗಳಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬ ರಸ ಸುರಿಸಿ ಆ ಕಬ್ಬಿಣವನ್ನು ತಾನು ಹಿಡಿದು, ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಚಿಂಚೋಳಿ ಕಡೆಯ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲದಲ್ಲೂ ತೊಗರಿ ನಿಲ್ಲುವುದಕ್ಕೆ ಇಂಥ ಬೇರು ಆಸರೆಯಾಗಿರಲು ಸಾಕು.

ಚಿಂಚೋಳಿಯಿಂದ ಕಾಗಿಣಾ ಹೊಳೆಗುಂಟ ಕೆಳಗಿಳಿದರೆ ನೆಲದ ಬಣ್ಣ ಬದಲಾಗುತ್ತದೆ. ಮಳಖೇಡ ದಾಟಿ ಶಹಾಬಾದ್ ಬಳಿ ಹೊನಗುಂಟಾದಲ್ಲಿ ಹೊಳೆ ಭೀಮೆಗೆ ಸೇರುವವರೆಗೂ ಬಹುಪಾಲು ಕಪ್ಪು ಎರೆ, ಅದರಡಿ ಸುಣ್ಣಕಲ್ಲು. ಈ ಸುಣ್ಣಕಲ್ಲು ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ದಖನ್ನಿನ ಮೇಲೆ ಲಾವಾ ಹರಿದದ್ದು ಅದಾಗಿ ಎಷ್ಟೋ ಕೋಟಿ ವರ್ಷದ ಮೇಲೆ. ಪದರವಿರುವ ಕಾರಣಕ್ಕೇ ಕಲ್ಲು ಹಲಗೆಯಾಗಿ ಏಳುತ್ತದೆ. ದೇಶದ ಎಷ್ಟೋ ರೈಲು ನಿಲ್ದಾಣ, ಶಾಲೆ, ಅಂಗಳಗಳಿಗೆ ಹಾಸಿದ ಶಹಾಬಾದಿ ಫರ್ಸಿ ಅದೇ. ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದ್ದೂ ಅದೇ ಕಲ್ಲಿಗಾಗಿ. ಎರೆ ಹೊಲ ಅಗೆದರೆ ಬಿಳಿ ಸುಣ್ಣದ ಹರಳು ಸಿಗುವುದು ಇಲ್ಲಿ ಮಾಮೂಲು.

"ಗುಲ್ಬರ್ಗಾ ತೊಗರಿ ಬೇಳೆ"ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈ ಮಣ್ಣಿನ ಕ್ಯಾಲ್ಸಿಯಂ, ಪೊಟ್ಯಾಸಿಯಂ ಬೇಳೆಯ ರುಚಿ, ವಾಸನೆ, ಬೇಗ ಬೇಯುವ ಗುಣಕ್ಕೆ ಕಾರಣ ಎಂಬುದು ಆ ಗುರುತಿನ ಹಿಂದಿರುವ ಮುಖ್ಯ ಮಾತು. 2022ರಲ್ಲಿ ಅಂಥದೇ ಗುರುತು "ತಾಂಡೂರು ಕಂದಿ"ಗೂ ಬಂತು. ತಾಂಡೂರು ಇರುವುದು ತೆಲಂಗಾಣದಲ್ಲಿ, ಆದರೆ ಸೇಡಂನಿಂದ ರೈಲಿನಲ್ಲಿ ಎಷ್ಟು ಹೊತ್ತಿನ ದಾರಿ? ಅಲ್ಲಿಯೂ ಸುಣ್ಣಕಲ್ಲು, ಅಲ್ಲಿಯೂ ಹಾಸುಗಲ್ಲಿನ ಗಣಿ, ಅಲ್ಲಿಯೂ ಎರೆ ಹೊಲ. 1956ರವರೆಗೆ ಎರಡೂ ಒಂದೇ ಹೈದರಾಬಾದ್ ರಾಜ್ಯದ ನೆಲ. ಒಂದೇ ಕಲ್ಲಿನ ಹಾಸಿನ ಮೇಲೆ ಬೆಳೆದ ಬೇಳೆಗೆ ಎರಡು ರಾಜ್ಯದ ಎರಡು ಮುದ್ರೆ ಬಿದ್ದಿದೆ. ಗಡಿ ಹಳ್ಳಿಗಳ ಸಂತೆಯಲ್ಲಿ ತೊಗರಿ ಅಂದರೂ ನಡೆಯುತ್ತದೆ, ತೆಲುಗಿನ ಕಂದಿ ಅಂದರೂ ನಡೆಯುತ್ತದೆ.

ಮಣ್ಣಿನ ಸುಣ್ಣ ಬೇಳೆಗೆ ಗುಣ ಕೊಟ್ಟಿತು ಎನ್ನುವಾಗ ನೀರಿನ ಸುಣ್ಣದ ಕಥೆಯನ್ನೂ ಹೇಳಬೇಕು. ಸುಣ್ಣಕಲ್ಲಿನ ನಾಡಿನ ಬಾವಿ, ಕೊಳವೆಬಾವಿಯ ನೀರು ಗಡಸು. ಗಡಸು ನೀರಿಗೆ ಬೇಳೆ ಬೇಗ ಬೇಯುವುದಿಲ್ಲ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಮೆದು ನೀರಿನಲ್ಲಿ ಕುದಿದಾಗ ಅದು ಕರಗಿ ಬೇಳೆ ಅರಳುತ್ತದೆ; ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆ ಅಂಟನ್ನೇ ಗಟ್ಟಿ ಮಾಡಿಬಿಡುತ್ತವೆ. ಹುಣಸೆಹಣ್ಣನ್ನು ಮೊದಲೇ ಹಾಕಿದರೆ ಬೇಳೆ ಬೇಯದೆ ಹಟ ಹಿಡಿಯುವುದಕ್ಕೂ ಇಂಥದೇ ಕಾರಣ. ಹುಳಿಯಲ್ಲಿ ಪೆಕ್ಟಿನ್ ಸಡಿಲಗೊಳ್ಳುವುದಿಲ್ಲ. ಅದಕ್ಕೇ ಅವ್ವಂದಿರು ಬ್ಯಾಳಿ ಪೂರ್ತಿ ಕುದ್ದು ಕರಗಿದ ಮೇಲೆಯೇ ಹುಣಸೆ ಹಿಂಡುವುದು. ಹಳ್ಳಿಯಲ್ಲಿ ಬೇಳೆ ಬೇಯಿಸಲೆಂದೇ ದೂರದ ಸಿಹಿನೀರಿನ ಬಾವಿಯಿಂದ ಒಂದು ಕೊಡ ತರುತ್ತಿದ್ದುದು ಇನ್ನೂ ಹಿರಿಯರ ನೆನಪಿನಲ್ಲಿದೆ. "ಅವನ ಬೇಳೆ ಇಲ್ಲಿ ಬೇಯೂದಿಲ್ಲ" ಎಂಬ ಮಾತು ರಾಜಕೀಯದ ವರದಿಗಳಲ್ಲಿ ಸವೆದುಹೋಗಿದೆ. ಗಡಸು ನೀರಿನೂರಲ್ಲಿ ಅದು ದಿನನಿತ್ಯದ ಅನುಭವ.

ಇನ್ನು ಊಟ. ಬೆಂಗಳೂರಿನ ಕಡೆ ತೊಗರಿ ಬೇಳೆ ಎಂದರೆ ಸಾಂಬಾರು, ಅನ್ನದ ಮೇಲೆ ಸುರಿಯುವ ವಸ್ತು. ಕಲಬುರಗಿ ಸೀಮೆಯಲ್ಲಿ ಬ್ಯಾಳಿ ರೊಟ್ಟಿಯ ಸಂಗಾತಿ. ಪುಂಡಿಪಲ್ಯವನ್ನೇ ನೋಡಿ. ಹುಳಿಪುಂಡಿ ಸೊಪ್ಪು, ತೊಗರಿ ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ. ಎಲ್ಲ ಕುದ್ದು ಗಟ್ಟಿಯಾದ ಮೇಲೆ ಎಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ. ಹೊಲದ ಅಕ್ಕಡಿ ಸಾಲೇ ಪಾತ್ರೆಯೊಳಗೆ ಬಂದು ಕೂತಿರುತ್ತದೆ. ಬಡವರ ಮನೆಯಲ್ಲಿ ನುಚ್ಚು ಹೆಚ್ಚು, ಬೇಳೆ ಕಮ್ಮಿ, ಉಳ್ಳವರಲ್ಲಿ ಅದಲುಬದಲು. ಮಾಡಿದ ದಿನಕ್ಕಿಂತ ಮಾರನೆಯ ದಿನ ಕಡಕ್ ರೊಟ್ಟಿಗೆ ಹಚ್ಚಿಕೊಂಡು ತಿಂದರೇ ಅದರ ರುಚಿ ಎನ್ನುವವರ ಮಾತಿಗೆ ಎದುರಾಡುವಂತಿಲ್ಲ.

ಈ ಜೋಡಿ ಬರೀ ನಾಲಿಗೆಯ ಚಟವಲ್ಲ. ತೊಗರಿಯಲ್ಲಿ ನೂರಕ್ಕೆ ಇಪ್ಪತ್ತೊಂದು-ಇಪ್ಪತ್ತೆರಡರಷ್ಟು ಪ್ರೋಟೀನ್ ಇದೆ, ಆದರೆ ಮೆಥಿಯೊನೈನ್ ಎಂಬ ಅಂಶ ಕಮ್ಮಿ. ಜೋಳದಲ್ಲಿ ಲೈಸಿನ್ ಕಮ್ಮಿ, ತೊಗರಿಯಲ್ಲಿ ಅದು ಧಾರಾಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಲು, ಮಾಂಸ ಅಪರೂಪವಾಗಿದ್ದ ಬಯಲುಸೀಮೆಯ ದುಡಿಯುವ ಜನ ರೊಟ್ಟಿ-ಬ್ಯಾಳಿಯ ಮೇಲೆ ತಲೆಮಾರುಗಟ್ಟಲೆ ಗಟ್ಟಿಯಾಗಿ ನಿಂತದ್ದು ಈ ಕೂಡಿಕೆಯಿಂದ.

ಬೇಳೆಯಾಗುವ ಮೊದಲಿನ ತೊಗರಿಗೂ ಇಲ್ಲಿ ಮರ್ಯಾದೆ ಇದೆ. ಕಾಯಿ ಹಸಿರಿದ್ದಾಗ ಉಪ್ಪು ಹಾಕಿ ಕುದಿಸಿ ಸುಲಿದು ತಿನ್ನುತ್ತಾರೆ. ಎಳ್ಳ ಅಮಾಸಿಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಸುತ್ತ ಚರಗ ಚೆಲ್ಲಿ, ಬಂಧು-ಬಳಗವನ್ನೆಲ್ಲ ಕೂರಿಸಿಕೊಂಡು ಉಣ್ಣುವಾಗ ನಡುವೆ ಇರಲೇಬೇಕಾದ್ದು ಭಜ್ಜಿ. ಅದು ಎಣ್ಣೆಯಲ್ಲಿ ಕರಿಯುವ ಭಜಿಯಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಹತ್ತಾರು ಬಗೆಯ ಸೊಪ್ಪು-ತರಕಾರಿ ಕೂಡಿಸಿ ಹುಳಿಯೊಂದಿಗೆ ಕುದಿಸಿದ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು. ಆ ಒಂದು ಪಾತ್ರೆಗೆ ಎಷ್ಟು ಬಗೆಯ ಕಾಳು ಬೀಳುತ್ತಿತ್ತೋ ಹೊಲದಲ್ಲಿ ಅಷ್ಟು ಬಗೆ ಬೆಳೆಯುತ್ತಿತ್ತು. ಈಗ ಎಷ್ಟೋ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಅವರೆ, ಕಡಲೆಗೆ ಪೇಟೆಗೆ ಹೋಗಬೇಕಾಗಿದೆ.

ಹೆಸರಿನ ಬಗ್ಗೆ ಎರಡು ಮಾತು. ತಮಿಳಿನ ತುವರೈ, ಮಲಯಾಳದ ತುವರ, ಮರಾಠಿಯ ತೂರ್, ದಖ್ಖನಿಯ ತುವರ್ ಎಲ್ಲ ನಮ್ಮ ತೊಗರಿಯ ಬಳಗ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದ ಅಡುಗೆಯ ಭಾಗದಲ್ಲಿ ಕಡಲೆ, ಮಸೂರಗಳ ಜೊತೆ ಬರುವ ಆಢಕಿಯೂ ಇದೇ. ತೊಗರಿಗೆ ಇಂಗ್ಲಿಷಿನಲ್ಲಿ ಪಾರಿವಾಳದ ಹೆಸರು ಅಂಟಿಕೊಂಡದ್ದು ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ. ಅಲ್ಲಿ ಅದನ್ನು ಪಾರಿವಾಳಗಳಿಗೆ ಹಾಕುತ್ತಿದ್ದರು. ಭಾರತದಿಂದ ಆಫ್ರಿಕಾಕ್ಕೆ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಅಟ್ಲಾಂಟಿಕ್ ದಾಟಿದ ಕಾಳು ಅದು. ಜಮೈಕಾದಲ್ಲಿ ಇಂದಿಗೂ ಕ್ರಿಸ್‌ಮಸ್ ಊಟಕ್ಕೆ ಹಸಿ ತೊಗರಿ ಹಾಕಿದ ಅನ್ನ ಬೇಕು.

ಕಾಳು ಬೇಳೆಯಾಗುವುದು ಸುಲಭದ ಕೆಲಸವಲ್ಲ. ತೊಗರಿಯ ಸಿಪ್ಪೆ ಮತ್ತು ತಿರುಳಿನ ನಡುವೆ ಗೋಂದಿನ ಒಂದು ಪದರವಿದೆ; ಹೆಸರು, ಕಡಲೆಗಿಂತ ತೊಗರಿಯ ಸಿಪ್ಪೆ ಬಿಡಿಸುವುದು ಕಷ್ಟ. ಮನೆಯಲ್ಲಿ ಬೇಳೆ ಒಡೆಯುತ್ತಿದ್ದ ಕಾಲದಲ್ಲಿ ಕಾಳು ನೆನೆಸಿ, ಕೆಮ್ಮಣ್ಣು ಕಲಸಿ ಹಚ್ಚಿ, ಒಂದು ರಾತ್ರಿ ಇಟ್ಟು, ಅಂಗಳದಲ್ಲಿ ಒಣಹಾಕುತ್ತಿದ್ದರು. ಮಣ್ಣು ತೇವ ಹೀರುವಾಗ ಸಿಪ್ಪೆ ಸಡಿಲವಾಗುತ್ತದೆ. ಆಮೇಲೆ ಜರಡಿ ಹಿಡಿದು ಬೀಸುಕಲ್ಲಿಗೆ ಹಾಕಿದರೆ ಕಾಳು ಎರಡು ಹೋಳು. ಕಲಬುರಗಿಯ ದಾಲ್‌ಮಿಲ್ಲುಗಳು ಮಾಡುವುದೂ ಮೂಲತಃ ಅದನ್ನೇ: ಉರುಳೆಯಲ್ಲಿ ಕಾಳಿನ ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಸವರಿ, ರಾಶಿ ಹಾಕಿ, ಬಿಸಿಲಿಗೆ ಹರವಿ, ಮತ್ತೆ ನೀರು ಚಿಮುಕಿಸಿ, ಮತ್ತೆ ಉರುಳೆಗೆ. ನೂರು ಕಿಲೋ ಕಾಳಿಗೆ ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಎಲ್ಲ ದನದ ಮೇವಿಗೆ. ಹೊಲದಲ್ಲೂ ಏನೂ ವ್ಯರ್ಥವಿಲ್ಲ. ರಾಶಿಯ ಹೊಟ್ಟು ಎತ್ತಿಗೆ, ಕಟಗಿ ಒಲೆಗೆ. ಮಣ್ಣು ಮೆತ್ತಿದ ತೊಗರಿ ಕಟಗಿಯ ತಟ್ಟಿಗೋಡೆಗಳು ಚಿಂಚೋಳಿಯ ತಾಂಡಾಗಳಲ್ಲಿ ಹಿಂದೆ ಸಾಮಾನ್ಯವಾಗಿದ್ದವು.

ಬೇಳೆಗೆ ಬೆಲೆ ಬಂದಂತೆ ಅಕ್ಕಡಿ ಸಾಲು ಕಡಿಮೆಯಾಯಿತು. ಇದಕ್ಕೆ ರೈತನನ್ನು ದೂರುವುದು ಅನ್ಯಾಯ. ಜೋಳಕ್ಕೆ ಮಾರುಕಟ್ಟೆಯಲ್ಲಿ ಕವಡೆ ಕಿಮ್ಮತ್ತಿಲ್ಲದೆ, ಪಡಿತರದಲ್ಲಿ ಅಕ್ಕಿ ಬಂದು, ತೆನೆ ಕಾಯಲು, ಕೊಯ್ಯಲು ಆಳು ಸಿಗದೆ ಹೋದಾಗ ಯಾರಾದರೂ ಮಾಡುವುದು ಅದನ್ನೇ. ಟ್ರ್ಯಾಕ್ಟರಿನ ಬಿತ್ತನೆ ಯಂತ್ರಕ್ಕೂ ಒಂದೇ ಬೀಜ ಸಲೀಸು, ಕೊಯ್ಲಿನ ಯಂತ್ರಕ್ಕೂ ಒಂದೇ ಬೆಳೆ ಸಲೀಸು. ಆದರೆ ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿಯೇ ಬಿದ್ದಾಗ ಮಣ್ಣಿನೊಳಗೆ ಕಾದು ಕೂತ ಶತ್ರುವಿಗೆ ಹಬ್ಬ.

ಆ ಶತ್ರುವಿನ ಹೆಸರು ನೆಟೆ. ಫ್ಯುಸೇರಿಯಂ ಎಂಬ ಬೂಜು ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೊಲದಲ್ಲಿ ತೇವ ಇರುತ್ತದೆ, ಗಿಡ ಮಾತ್ರ ನೀರಿಲ್ಲದಂತೆ ಬಾಡುತ್ತದೆ. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಬಣ್ಣದ ಪಟ್ಟಿ ಏರಿರುತ್ತದೆ. ಅಲ್ಲಿ ಸೀಳಿ ನೋಡಿದರೆ ಒಳಗೆ ಕಂದು-ಕಪ್ಪು ಗೆರೆ. ಹೂವು-ಕಾಯಿಯ ಹೊತ್ತಿಗೇ ಇದು ಜೋರಾಗುವುದರಿಂದ ಬೀಜ, ಗೊಬ್ಬರ, ಔಷಧ, ಕೂಲಿ ಎಲ್ಲ ಹಾಕಿ ಮುಗಿಸಿದ ಮೇಲೆ ಹೊಡೆತ ಬೀಳುತ್ತದೆ. ಕೂಳೆಯಲ್ಲಿ, ಬೇರಿನ ಚೂರಿನಲ್ಲಿ ಈ ಬೂಜು ಮೂರು ವರ್ಷದವರೆಗೂ ಬದುಕಿರಬಲ್ಲದು. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಅಪಾರ ತೊಗರಿ ಹೀಗೆ ನಿಂತಲ್ಲೇ ಒಣಗಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು.

ಇಕ್ರಿಸ್ಯಾಟ್‌ನ ಪ್ರಯೋಗಗಳಲ್ಲಿ ಒಂಟಿ ತೊಗರಿಗಿಂತ ಜೋಳದ ಜೊತೆ ಬೆಳೆದ ತೊಗರಿಗೆ ನೆಟೆ ಗಣನೀಯವಾಗಿ ಕಡಿಮೆ ಬಂದದ್ದು ದಾಖಲಾಗಿದೆ. ಜೋಳದ ಬೇರು ಮಣ್ಣಿಗೆ ಬಿಡುವ ರಸ ಆ ಬೂಜಿಗೆ ಒಗ್ಗುವುದಿಲ್ಲ ಎಂಬುದು ವಿಜ್ಞಾನಿಗಳ ಊಹೆ. ನಡುವೆ ಜೋಳದ ಸಾಲಿದ್ದರೆ ತೊಗರಿಯ ಬೇರಿಂದ ಬೇರಿಗೆ ರೋಗ ದಾಟುವುದೂ ಕಷ್ಟ. ಹಳಬರಿಗೆ ಬೂಜಿನ ಹೆಸರು ಗೊತ್ತಿರಲಿಲ್ಲ, ಸಾಲಿನ ಲೆಕ್ಕ ಗೊತ್ತಿತ್ತು.

ತಳಿಗಳ ಇತಿಹಾಸವೆಂದರೆ ಈ ರೋಗದ ಜೊತೆಗಿನ ಹಗ್ಗಜಗ್ಗಾಟವೇ. ನೆಟೆ ತಡೆಯುವ 'ಮಾರುತಿ' 1986ರಲ್ಲಿ ಬಿಡುಗಡೆಯಾಗಿ ಉತ್ತರ ಕರ್ನಾಟಕದ ತುಂಬ ಹಬ್ಬಿತು. ಅದಕ್ಕೆ ಗೊಡ್ಡು ರೋಗದ ಎದುರು ನಿಲ್ಲುವ ಶಕ್ತಿ ಇರಲಿಲ್ಲ. ಕಣ್ಣಿಗೆ ಕಾಣದ ನುಸಿಯೊಂದು ಹಬ್ಬಿಸುವ ಈ ರೋಗ ಬಂದ ಗಿಡ ಸಾಯುವುದಿಲ್ಲ. ಪೊದೆಯಾಗಿ, ತಿಳಿಹಸಿರಾಗಿ ನಿಲ್ಲುತ್ತದೆ, ಹೂ ಬಿಡುವುದಿಲ್ಲ. ಸುತ್ತಲ ಗಿಡ ಕಾಯಿ ಕಟ್ಟಿ ಒಣಗುತ್ತಿರುವಾಗ ನಡುವೆ ಒಂದು ಹಸಿರಾಗಿ ಉಳಿದರೆ ಅದೇ ಗೊಡ್ಡು. ಎರಡನ್ನೂ ತಡೆಯುವ 'ಆಶಾ' 1993ರಲ್ಲಿ ಬಂತು. 2011ರಲ್ಲಿ ತೊಗರಿಯ ಜೀನೋಮ್ ಓದಿದಾಗ ವಿಜ್ಞಾನಿಗಳು ಆರಿಸಿಕೊಂಡದ್ದೂ ಇದೇ ಆಶಾ ತಳಿಯನ್ನು. 48,680 ಜೀನ್‌ಗಳನ್ನು ಅವರು ಗುರುತಿಸಿದರು. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಟಿಎಸ್-3ಆರ್, ಜಿಆರ್‌ಜಿ-811 ಬಂದವು. ಒಳ್ಳೆಯ ತಳಿಗಳೇ. ಆದರೆ ಸಾವಿರಾರು ಎಕರೆಗೆ ಒಂದೇ ತಳಿ ಒಂಟಿಯಾಗಿ ನಿಂತರೆ ಯಾವ ತಳಿಯ ಶಕ್ತಿಯೂ ಬಹಳ ಕಾಲ ಬಾಳುವುದಿಲ್ಲ.

ಮೇಲಿನಿಂದ ಬರುವ ಶತ್ರು ಕಾಯಿಕೊರಕ. ಹಸಿರು ಹುಳ ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟು ಕಾಳು ತಿನ್ನುತ್ತದೆ. 1997-98ರಲ್ಲಿ ಬೀದರ್, ಕಲಬುರಗಿ ಸೀಮೆಯಲ್ಲಿ ಇದರ ಹಾವಳಿಗೆ ತೊಗರಿ ನೆಲ ಕಚ್ಚಿತು. ಕೀಟನಾಶಕದ ಸಾಲ ಹೊತ್ತ ರೈತರ ಆತ್ಮಹತ್ಯೆಗಳು ನಾಡನ್ನು ಬೆಚ್ಚಿಬೀಳಿಸಿದವು. ಹುಳಕ್ಕೆ ಔಷಧ ನಾಟದಂತಾಗಿತ್ತು. ಆ ದಿನಗಳಲ್ಲಿ ರೈತರು ಹಿಡಿದ ಉಪಾಯ ಸರಳ: ಸಾಲಿನ ನಡುವೆ ತಾಡಪತ್ರಿ ಹಾಸುತ್ತಾ, ಎಳೆಯುತ್ತಾ, ಗಿಡ ಹಿಡಿದು ಅಲ್ಲಾಡಿಸಿ ಹುಳ ಉದುರಿಸುವುದು. ಉದುರಿದ ಹುಳವನ್ನು ಕೂಡಿಸಿ ನಾಶ ಮಾಡುವುದು. ಅಂಥ ಹುಳಗಳಿಂದಲೇ, ಹುಳಕ್ಕೆ ಮಾತ್ರ ರೋಗ ತರುವ ಎನ್‌ಪಿವಿ ನಂಜಾಣುವಿನ ದ್ರಾವಣ ತಯಾರಿಸಿ ಮತ್ತೆ ಹೊಲಕ್ಕೇ ಸಿಂಪಡಿಸುವುದು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಈಚೆಗೆ ಹೇಳಿಕೊಟ್ಟ ಕುಡಿ ಚಿವುಟುವ ಪದ್ಧತಿಯೂ ಹೀಗೆ ಕೈಗೆಟುಕುವ ಉಪಾಯವೇ. ಬಿತ್ತಿದ 45-50 ದಿನಕ್ಕೆ ತುದಿ ಕತ್ತರಿಸಿದರೆ ಗಿಡ ಎತ್ತರಕ್ಕೆ ಓಡುವುದನ್ನು ಬಿಟ್ಟು ಪಕ್ಕದ ಕೊಂಬೆ ಒಡೆಯುತ್ತದೆ, ಕಾಯಿ ಹೆಚ್ಚುತ್ತದೆ. ಅದಕ್ಕೆಂದು ಬ್ಯಾಟರಿ ಯಂತ್ರಗಳೂ ಬಂದಿವೆ.

ನೀರು ನಿಲ್ಲುವುದು ತೊಗರಿಗೆ ಆಗಿಬರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮತ್ತು 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಭೀಮಾ, ಕಾಗಿಣಾ ಉಕ್ಕಿ ಹರಿದಾಗ ಚಿತ್ತಾಪುರ, ಸೇಡಂ, ಶಹಾಬಾದ್ ತಾಲ್ಲೂಕುಗಳ ತಗ್ಗಿನ ಎರೆ ಹೊಲಗಳಲ್ಲಿ ಬೇರು ಕೊಳೆತು ಹೋಯಿತು. ಒಂಟಿ ಬೆಳೆಯ ಹೊಲದಲ್ಲಿ ಅಂಥ ವರ್ಷ ಉಳಿಯುವುದು ಸಾಲ ಮಾತ್ರ.

ಬೆಳೆ ಕೈಗೆ ಬಂದರೂ ಬೆಲೆ ರೈತನ ಕೈಯಲ್ಲಿಲ್ಲ. 2015ರಲ್ಲಿ ಅಂಗಡಿಯಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಅದನ್ನು ನೋಡಿ ಎಲ್ಲರೂ ಬಿತ್ತಿದರು, 2016ರ ಮಳೆಯೂ ಒಲಿಯಿತು, 2017ರ ಆರಂಭಕ್ಕೆ ತೊಗರಿಯ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. 2023ರ ಕೊನೆಗೆ ಕ್ವಿಂಟಲಿಗೆ 10,000 ದಾಟಿದ್ದ ದರ 2025ರ ಜನವರಿಯಲ್ಲಿ ರಾಶಿ ಬರುವ ಹೊತ್ತಿಗೆ ಇಳಿದು, 7,550ರ ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000ಕ್ಕೆ ಕೊಳ್ಳಬೇಕಾಯಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯ, ಮಲಾವಿಯಿಂದ 2021ರ ಮೇ ತಿಂಗಳಿಂದ ತೊಗರಿ ಮುಕ್ತವಾಗಿ ಬರುತ್ತಿದೆ. 2023ರ ಡಿಸೆಂಬರಿನಲ್ಲಿ ಹಳದಿ ಬಟಾಣಿಯ ಸುಂಕವನ್ನೂ ತೆಗೆದಾಗ ಅಗ್ಗದ ಬೇಳೆಯ ಹೊಳೆಯೇ ಹರಿಯಿತು. ಪಟ್ಟಣದ ಗ್ರಾಹಕನಿಗೆ ಬೇಳೆ ಅಗ್ಗವಾಗಬೇಕು ನಿಜ, ಆದರೆ ಅದರ ಭಾರವನ್ನು ಪ್ರತಿ ಸಲ ಡಿಸೆಂಬರ್-ಜನವರಿಯ ರಾಶಿಯ ಮೇಲೆಯೇ ಹೇರುವುದು ನ್ಯಾಯವಲ್ಲ.

ಹಾಗಾದರೆ ಅಕ್ಕಡಿ ಸಾಲು ಮರಳಿ ಬರುವುದು ಹೇಗೆ? ಕೃಷಿ ಇಲಾಖೆಯ ಕರಪತ್ರ ಪ್ರತಿ ವರ್ಷ ತೊಗರಿಯ ಜೊತೆ ಹೆಸರು, ಉದ್ದು ಬಿತ್ತಿರಿ ಎನ್ನುತ್ತದೆ. ಸೇಡಂ, ಚಿಂಚೋಳಿ ರೈತರಲ್ಲಿ ಹಲವರು ಈಗಲೂ ಬಿತ್ತುತ್ತಾರೆ. ಆದರೆ ಹೆಸರು ಆಗಸ್ಟ್ ಕೊನೆಗೆ ರಾಶಿಯಾಗುತ್ತದೆ, ಮಳೆಯಲ್ಲಿ ನೆನೆದರೆ ಕಪ್ಪಾಗುತ್ತದೆ, ಹೆಚ್ಚು ದಿನ ಇಟ್ಟುಕೊಳ್ಳುವ ಜಾಗ ಸಣ್ಣ ರೈತನ ಮನೆಯಲ್ಲಿಲ್ಲ. ಅರ್ಜಿ, ನೋಂದಣಿ, ಆದೇಶ ಮುಗಿದು ಖರೀದಿ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಹೆಸರಿನ ಚೀಲಗಳು ಸಿಕ್ಕ ದರಕ್ಕೆ ಅಡತಿ ಅಂಗಡಿ ಸೇರಿರುತ್ತವೆ. ಜೋಳದ ಖರೀದಿಯ ಹಣೆಬರಹವೂ ಇದಕ್ಕಿಂತ ಬೇರೆಯಲ್ಲ. ಮುದ್ರೆ ಬಿದ್ದ ತೊಗರಿಗೆ ಬ್ರ್ಯಾಂಡು, ಪೊಟ್ಟಣ, ಮೇಳ ಎಲ್ಲ ಆಗಲಿ. ಅದರ ಜೊತೆ, ಆಗಸ್ಟ್ ಹದಿನೈದರೊಳಗೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಎಪಿಎಂಸಿಗಳಲ್ಲಿ ಹೆಸರು ಕೊಳ್ಳುವ ತಕ್ಕಡಿ ಸಿದ್ಧವಿರಲಿ. ಮಗ್ಗುಲಿನ ಸಾಲಿಗೆ ದುಡ್ಡು ಹುಟ್ಟಿದರೆ ಅದನ್ನು ಬಿತ್ತಿ ಎಂದು ರೈತನಿಗೆ ಯಾರೂ ಹೇಳಬೇಕಾಗಿಲ್ಲ.